ಗೊಂಬೆ ಓಡಿಸುವ ಪಾಠ: ವಿಶ್ವವಿದ್ಯಾಲಯದಲ್ಲಿ ಅನಿಮೇಷನ್, ವಿಎಫ್‌ಎಕ್ಸ್ ಕಲಿಸುವ ಕೆಲಸ ಅಂದರೇನು?

ಪಿಯು ರಿಸಲ್ಟ್ ಬಂದ ವಾರ ನಾನು ಕೊಡಗಿನ ನನ್ನ ಊರಲ್ಲೇ ಇದ್ದೆ. ಪಕ್ಕದ ತೋಟದವರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗಿಯ ಮಾರ್ಕ್ಸ್ ಚೆನ್ನಾಗಿಯೇ ಇತ್ತು. ಆದರೆ ಅವಳಿಗೆ ಎಂಜಿನಿಯರಿಂಗ್ ಬೇಡವಂತೆ. ಅನಿಮೇಷನ್ ಓದಬೇಕು, ಮುಂದೆ ಅದನ್ನೇ ಕಾಲೇಜಿನಲ್ಲಿ ಕಲಿಸಬೇಕು ಅನ್ನುವುದು ಅವಳ ಆಸೆ. ಅಪ್ಪ ಕಾಫಿ ಲೋಟ ಕೆಳಗಿಟ್ಟು ಕೇಳಿದರು: "ಗೊಂಬೆ ಓಡಿಸೋದನ್ನ ಯೂನಿವರ್ಸಿಟಿಲಿ ಪಾಠ ಮಾಡ್ತಾರಾ? ಅದಕ್ಕೆ ಸಂಬಳ ಕೊಡ್ತಾರಾ?"

ಅವರು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. ನಾನು ಬೆಂಗಳೂರಿನಲ್ಲಿ ಮಾಡುತ್ತಿರುವುದು ಇದೇ ಕೆಲಸ. ಆದರೂ ಅವರಿಗೆ ಅರ್ಥವಾಗುವ ಹಾಗೆ ಹೇಳಲು ಆ ಸಂಜೆ ಸಾಕಾಗಲಿಲ್ಲ. ಅವತ್ತು ಹೇಳಿದ್ದನ್ನೂ ಹೇಳಲಾಗದೆ ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಈ ಪ್ರಶ್ನೆ ಈಗ ಎಷ್ಟೋ ಮನೆಗಳಲ್ಲಿ ಎದ್ದಿದೆ. ಅದಕ್ಕೆ ಕಾರಣವೂ ಇದೆ. 2026ರ ಕೇಂದ್ರ ಬಜೆಟ್‌ನಲ್ಲಿ 15,000 ಪ್ರೌಢಶಾಲೆಗಳಲ್ಲಿ ಮತ್ತು 500 ಕಾಲೇಜುಗಳಲ್ಲಿ 'ಎವಿಜಿಸಿ' ಲ್ಯಾಬ್ ಮಾಡುವುದಾಗಿ ಹೇಳಿದರು. ಎವಿಜಿಸಿ ಅಂದರೆ ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್. 2030ರ ಹೊತ್ತಿಗೆ ಈ ಕ್ಷೇತ್ರಕ್ಕೆ 20 ಲಕ್ಷ ಜನ ಬೇಕಾಗಬಹುದು ಎಂಬ ಅಂದಾಜನ್ನೂ ಅಲ್ಲೇ ಹೇಳಲಾಯಿತು. ನಮ್ಮ ರಾಜ್ಯಕ್ಕೆ ಇದು ಹೊಸದಲ್ಲ. ಕರ್ನಾಟಕ 2012ರಲ್ಲೇ ಇದಕ್ಕೊಂದು ನೀತಿ ಮಾಡಿತ್ತು. ಈಗ 2024ರಿಂದ 2029ರವರೆಗಿನ ಹೊಸ ನೀತಿ ಜಾರಿಯಲ್ಲಿದೆ. ಲ್ಯಾಬಿಗೆ ಬೇಕಾದ ಕಂಪ್ಯೂಟರನ್ನು ಒಂದು ತಿಂಗಳಲ್ಲಿ ತಂದು ಜೋಡಿಸಬಹುದು. ಅದರ ಮುಂದೆ ನಿಂತು ಕಲಿಸುವವರು ತಯಾರಾಗಲು ವರ್ಷಗಳು ಬೇಕು.

ಮೊದಲು ಎರಡು ಮಾತಿನ ಅರ್ಥ

ಅನಿಮೇಷನ್ ಅಂದರೆ ಅಲುಗಾಡದ ಚಿತ್ರಗಳನ್ನು ಒಂದರ ಹಿಂದೆ ಒಂದು ಬೇಗಬೇಗ ತೋರಿಸಿ, ಅಲುಗಾಡಿದ ಹಾಗೆ ಕಾಣಿಸುವುದು. ಶಾಲೆಯಲ್ಲಿ ನೋಟ್‌ಬುಕ್ಕಿನ ಮೂಲೆಯಲ್ಲಿ ಚಿಕ್ಕ ಮನುಷ್ಯನನ್ನು ಬರೆದು, ಹಾಳೆಗಳನ್ನು ಪರಪರ ಅಂತ ಬಿಟ್ಟು ಓಡಿಸಿದ್ದೀರಿ ಅಲ್ವಾ? ಅದೇ ಅನಿಮೇಷನ್. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಒಂದೊಂದು ಚಿತ್ರಕ್ಕೂ ಫ್ರೇಮ್ ಅಂತ ಹೆಸರು.

ಕಂಪ್ಯೂಟರ್ ಅನಿಮೇಷನ್‌ನಲ್ಲಿ ಅಷ್ಟೂ ಚಿತ್ರಗಳನ್ನು ಕೈಯಲ್ಲಿ ಬರೆಯುವುದಿಲ್ಲ. ಮೊದಲು ಕಂಪ್ಯೂಟರಿನೊಳಗೆ ಗೊಂಬೆಯ ಆಕಾರ ಮಾಡುತ್ತಾರೆ. ಇದು ಮಾಡೆಲಿಂಗ್. ಆಮೇಲೆ ಅದರೊಳಗೆ ಮೂಳೆ, ಕೀಲು ಇಡುತ್ತಾರೆ. ಇದು ರಿಗ್ಗಿಂಗ್. ಸೂತ್ರದ ಗೊಂಬೆಗೆ ದಾರ ಕಟ್ಟುವುದಿಲ್ಲವೇ, ಹಾಗೆ. ಯಾವ ದಾರ ಎಳೆದರೆ ಯಾವ ಕೈ ಏಳಬೇಕು ಅನ್ನುವುದು ಇಲ್ಲಿ ತೀರ್ಮಾನವಾಗುತ್ತದೆ. ಅನಿಮೇಟರ್ ಮುಖ್ಯವಾದ ಭಂಗಿಗಳನ್ನು ಮಾತ್ರ ಕೂರಿಸುತ್ತಾನೆ. ಇವು ಕೀಫ್ರೇಮ್‌ಗಳು. ನಡುವಿನದ್ದನ್ನು ಕಂಪ್ಯೂಟರ್ ತುಂಬುತ್ತದೆ. ಆದರೆ ಅದು ಸುಮ್ನೆ ಲೆಕ್ಕ ಹಾಕಿ ತುಂಬುತ್ತದೆ, ಜೀವ ತುಂಬುವುದಿಲ್ಲ. ಅದನ್ನು ತಿದ್ದುವುದೇ ಕಲೆ. ಕೊನೆಗೆ ಬಣ್ಣ, ಬೆಳಕು, ನೆರಳು ಎಲ್ಲ ಸೇರಿಸಿ ಕಂಪ್ಯೂಟರ್ ಒಂದೊಂದೇ ಫ್ರೇಮನ್ನು ಪೂರ್ತಿ ಚಿತ್ರವಾಗಿ ಮಾಡಿ ಕೊಡುತ್ತದೆ. ಅದಕ್ಕೆ ರೆಂಡರ್ ಅನ್ನುತ್ತಾರೆ.

ವಿಎಫ್‌ಎಕ್ಸ್, ಅಂದರೆ ವಿಷುಯಲ್ ಎಫೆಕ್ಟ್ಸ್, ಬೇರೆ. ಕ್ಯಾಮೆರಾದಲ್ಲಿ ನಿಜವಾಗಿ ತೆಗೆದ ಚಿತ್ರದೊಳಗೆ ಅಲ್ಲಿಲ್ಲದ್ದನ್ನು ಸೇರಿಸುವುದು, ಇರುವುದನ್ನು ಅಳಿಸುವುದು. 2012ರ 'ಈಗ' ಸಿನಿಮಾ ನೆನಪಿದೆಯೇ? ಸುದೀಪ್ ಇಡೀ ಸಿನಿಮಾದಲ್ಲಿ ಒಂದು ನೊಣದ ಜೊತೆ ಜಗಳ ಆಡುತ್ತಾರೆ. ಕ್ಯಾಮೆರಾ ಮುಂದೆ ನೊಣವೇ ಇರಲಿಲ್ಲ. ಅವರು ಇಲ್ಲದ ನೊಣವನ್ನು ನೋಡುತ್ತಾ, ಹೊಡೆಯುತ್ತಾ, ಹೆದರುತ್ತಾ ನಟಿಸಿದರು. ನೊಣ ಆಮೇಲೆ ಕಂಪ್ಯೂಟರಿನಲ್ಲಿ ಬಂತು. ನೊಣದ ಚಲನೆ ಅನಿಮೇಷನ್. ಅದನ್ನು ಸುದೀಪ್ ಅವರ ಮೂಗಿನ ಮೇಲೆ ಜಾರದ ಹಾಗೆ ಕೂರಿಸಿ, ಅದೇ ಕೋಣೆಯ ಬೆಳಕನ್ನು ಅದರ ರೆಕ್ಕೆಗೂ ಬೀಳಿಸಿದ್ದು ವಿಎಫ್‌ಎಕ್ಸ್. ಆ ಸಿನಿಮಾಕ್ಕೆ ಸ್ಪೆಷಲ್ ಎಫೆಕ್ಟ್ಸ್ ವಿಭಾಗದಲ್ಲಿ ರಾಷ್ಟ್ರ ಪ್ರಶಸ್ತಿ ಸಿಕ್ಕಿತು.

ಇಂಥ ಶೂಟಿಂಗ್ ಮಾಡುವಾಗ ನಟರ ಹಿಂದೆ ಹಸಿರು ಪರದೆ ಕಟ್ಟುವುದು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಮನುಷ್ಯರ ಚರ್ಮದ ಬಣ್ಣದಲ್ಲಿ ಹಸಿರು ಇರುವುದಿಲ್ಲ. ಜೊತೆಗೆ ಸಾಮಾನ್ಯ ಡಿಜಿಟಲ್ ಕ್ಯಾಮೆರಾದಲ್ಲಿ ಕೆಂಪು ಅಥವಾ ನೀಲಿಯನ್ನು ಹಿಡಿಯುವ ಕಣಗಳಿಗಿಂತ ಹಸಿರನ್ನು ಹಿಡಿಯುವ ಕಣಗಳು ಎರಡು ಪಟ್ಟು ಇರುತ್ತವೆ. ಹಾಗಾಗಿ ಹಸಿರನ್ನು ಗುರುತಿಸಿ ಕತ್ತರಿಸಿ ತೆಗೆದು, ಅಲ್ಲಿ ಬೇರೆ ಚಿತ್ರ ಕೂರಿಸುವುದು ಸುಲಭ. ಪರದೆ ಇಲ್ಲದೆ ತೆಗೆದಿದ್ದರೆ, ನಟನ ಅಂಚನ್ನು ಫ್ರೇಮ್ ಫ್ರೇಮಿಗೂ ಗೆರೆ ಎಳೆದು ಬಿಡಿಸಬೇಕು. ಇದು ರೋಟೋ. ಹೊಸಬರಿಗೆ ಸ್ಟುಡಿಯೋದಲ್ಲಿ ಹೆಚ್ಚಾಗಿ ಮೊದಲು ಸಿಗುವ ಕೆಲಸ ಇದೇ.

ರಾಜಾಸೀಟಿನಲ್ಲಿ ಒಂದು ಪಾಠ

ಬೇರೆ ಬೇರೆ ಕಡೆ ತೆಗೆದ ಚಿತ್ರಗಳನ್ನು ಒಂದೇ ಚಿತ್ರದ ಹಾಗೆ ಬೆಸೆಯುವುದಕ್ಕೆ ಕಾಂಪೋಸಿಟಿಂಗ್ ಅನ್ನುತ್ತಾರೆ. ಇದನ್ನು ಕಲಿಸುವುದು ಕಷ್ಟ. ಆದರೆ ಮಡಿಕೇರಿಯ ರಾಜಾಸೀಟಿನಲ್ಲಿ ಒಂದು ಬೆಳಿಗ್ಗೆ ನಿಂತವರಿಗೆ ಅರ್ಧ ಪಾಠ ಆಗಲೇ ಆಗಿರುತ್ತದೆ.

ಅಲ್ಲಿ ನಿಂತು ಬೆಟ್ಟಗಳನ್ನು ನೋಡಿ. ಹತ್ತಿರದ ಬೆಟ್ಟ ಕಡು ಹಸಿರು. ಅದರ ಹಿಂದಿನದು ಸ್ವಲ್ಪ ನೀಲಿ. ಅದರ ಹಿಂದಿನದು ಮತ್ತೂ ತೆಳು. ಕೊನೆಯದು ಆಕಾಶವೋ ಬೆಟ್ಟವೋ ಗೊತ್ತಾಗುವುದಿಲ್ಲ. ನಮಗೂ ಬೆಟ್ಟಕ್ಕೂ ನಡುವೆ ಇರುವ ಗಾಳಿ, ತೇವ, ಮಂಜು ಬೆಳಕನ್ನು ಚದುರಿಸುತ್ತವೆ. ದೂರ ಜಾಸ್ತಿಯಾದಷ್ಟೂ ನಡುವೆ ಗಾಳಿ ಜಾಸ್ತಿ, ಚದುರುವುದೂ ಜಾಸ್ತಿ.

ಈಗ ಒಂದು ಶಾಟ್‌ನಲ್ಲಿ ದೂರದ ಬೆಟ್ಟದ ಮೇಲೆ ಕಂಪ್ಯೂಟರಿನಲ್ಲಿ ಮಾಡಿದ ಕೋಟೆ ಇಡಬೇಕು ಅಂದುಕೊಳ್ಳಿ. ಹೊಸ ಹುಡುಗರು ಕೋಟೆಯನ್ನು ತುಂಬಾ ಚೆನ್ನಾಗಿ ಮಾಡಿರುತ್ತಾರೆ. ಕಲ್ಲು ಕಲ್ಲೂ ಕಾಣಿಸುತ್ತದೆ. ಆದರೂ ಅದು ಅಂಟಿಸಿದ ಹಾಗೆ ಕಾಣುತ್ತದೆ. ಯಾಕೆ? ಕೋಟೆಯ ಬಾಗಿಲಿನ ಒಳಗಿನ ಕತ್ತಲೆಗೆ ಪೂರ್ತಿ ಕಪ್ಪು ಬಣ್ಣ ಹಾಕಿರುತ್ತಾರೆ. ಎರಡು ಮೈಲಿ ದೂರದಲ್ಲಿ ಪೂರ್ತಿ ಕಪ್ಪು ಇರುವುದೇ ಇಲ್ಲ. ದೂರದ ಕಪ್ಪು ನೀಲಿ ಕಲಸಿದ ಬೂದಿ. ಪಕ್ಕದ ಬಂಡೆಯ ನೆರಳು ಯಾವ ಬೂದಿಯಲ್ಲಿದೆಯೋ ಅದೇ ಬೂದಿಗೆ ಬಾಗಿಲಿನ ಕತ್ತಲೆಯನ್ನು ತಂದರೆ ಕೋಟೆ ಬೆಟ್ಟದ ಮೇಲೆ ಕೂರುತ್ತದೆ. ಇದನ್ನು ಕ್ಲಾಸಿನಲ್ಲಿ ಹತ್ತು ಸಲ ಹೇಳಿದರೂ ತಲೆಗೆ ಹೋಗದವರು, ಒಂದು ಸಲ ಮಂಜಿನಲ್ಲಿ ನಿಂತು ನೋಡಿದರೆ ಮರೆಯುವುದಿಲ್ಲ.

ಹಾಗಾದರೆ ಮೇಷ್ಟ್ರು ಕಲಿಸುವುದು ಏನನ್ನು?

ಸಾಫ್ಟ್‌ವೇರ್ ಕಲಿಸುತ್ತಾರೆ ಅಂತ ಹೆಚ್ಚಿನವರು ತಿಳಿದಿದ್ದಾರೆ. ಅದನ್ನೂ ಕಲಿಸುತ್ತೇವೆ. ಆದರೆ ಸಾಫ್ಟ್‌ವೇರ್ ಎರಡು ಮೂರು ವರ್ಷಕ್ಕೆ ಬದಲಾಗುತ್ತದೆ. ಯಾವ ಬಟನ್ ಎಲ್ಲಿದೆ ಅನ್ನುವುದನ್ನು ಯೂಟ್ಯೂಬ್ ನೋಡಿಯೂ ಕಲಿಯಬಹುದು. ಮೇಷ್ಟ್ರು ಬೇಕಾಗುವುದು ನೋಡುವುದನ್ನು ಕಲಿಸಲಿಕ್ಕೆ. ಇದನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಹೆಚ್ಚಿನ ಅನಿಮೇಷನ್ ಕೋರ್ಸ್‌ಗಳಲ್ಲಿ ಮೊದಲ ಅಸೈನ್‌ಮೆಂಟ್ ಒಂದೇ. ಬೀಳುವ ಚೆಂಡು. ನಾನು ಚೆಂಡಿನ ಬದಲು ಕಿತ್ತಳೆ ಹಣ್ಣಿನಿಂದ ಶುರು ಮಾಡುತ್ತೇನೆ.

ಎದೆ ಮಟ್ಟದಿಂದ, ಅಂದರೆ ಸುಮಾರು 4 ಅಡಿ ಎತ್ತರದಿಂದ ಕಿತ್ತಳೆ ಬಿಟ್ಟರೆ ನೆಲ ಮುಟ್ಟಲು ಅರ್ಧ ಸೆಕೆಂಡ್ ಬೇಕು. ಅಂದರೆ 12 ಫ್ರೇಮ್. ಮಕ್ಕಳು 4 ಅಡಿಯನ್ನು 12 ಸಮಭಾಗ ಮಾಡಿ ಹಣ್ಣನ್ನು ಇಳಿಸುತ್ತಾರೆ. ಓಡಿಸಿ ನೋಡಿದರೆ ಹಣ್ಣು ಲಿಫ್ಟ್‌ನಲ್ಲಿ ಇಳಿದ ಹಾಗೆ ಇಳಿಯುತ್ತದೆ. ನಿಜವಾಗಿ ನಡೆಯುವುದು ಬೇರೆ. ಮೊದಲ 6 ಫ್ರೇಮ್‌ಗಳಲ್ಲಿ ಹಣ್ಣು ಇಳಿಯುವುದು 1 ಅಡಿ ಮಾತ್ರ. ಉಳಿದ 3 ಅಡಿಯನ್ನು ಕೊನೆಯ 6 ಫ್ರೇಮ್‌ಗಳಲ್ಲಿ ಇಳಿಯುತ್ತದೆ. ಮೊದಲ ಫ್ರೇಮಿನಲ್ಲಿ ಅದು ಒಂದು ಸೆಂಟಿಮೀಟರೂ ಕದಲಿರುವುದಿಲ್ಲ. ಕೊನೆಯ ಒಂದೇ ಫ್ರೇಮಿನಲ್ಲಿ ಏಳೂವರೆ ಇಂಚಿಗಿಂತ ಜಾಸ್ತಿ ಜಿಗಿದಿರುತ್ತದೆ. ಭೂಮಿ ಎಳೆಯುತ್ತಿರುವುದರಿಂದ ಕ್ಷಣ ಕ್ಷಣಕ್ಕೂ ವೇಗ ಏರುತ್ತದೆ. ಪಿಯುಸಿ ಫಿಸಿಕ್ಸ್‌ನಲ್ಲಿ ಎಲ್ಲರೂ ಇದರ ಸೂತ್ರ ಬರೆದು ಮಾರ್ಕ್ಸ್ ತೆಗೆದಿದ್ದಾರೆ. ಕಣ್ಣಿನಿಂದ ನೋಡಿರುವುದಿಲ್ಲ, ಅಷ್ಟೇ.

ನೆಲ ಮುಟ್ಟಿದ ಮೇಲೆ ಇನ್ನೊಂದು ಪಾಠ. ರಬ್ಬರ್ ಚೆಂಡು ಎಗರುತ್ತದೆ. ಕಿತ್ತಳೆ ಎಗರುವುದಿಲ್ಲ. ಸ್ವಲ್ಪ ಚಪ್ಪಟೆಯಾಗಿ, ಅರ್ಧ ಸುತ್ತು ಉರುಳಿ ನಿಲ್ಲುತ್ತದೆ. ಪರದೆಯ ಮೇಲೆ ಎರಡೂ ಒಂದೇ ಅಳತೆಯ ಕಿತ್ತಳೆ ಬಣ್ಣದ ಗುಂಡುಗಳು. ಯಾವುದು ಹಣ್ಣು, ಯಾವುದು ಚೆಂಡು ಅಂತ ನೋಡುವವನಿಗೆ ಹೇಳುವುದು ಚಲನೆ ಮಾತ್ರ. ಇಷ್ಟು ಅರ್ಥವಾದ ದಿನ ಮಕ್ಕಳ ಮುಖ ನೋಡಬೇಕು. ನಾನು ಈ ಕೆಲಸ ಬಿಡದೆ ಇರುವುದಕ್ಕೆ ಆ ಮುಖಗಳೂ ಒಂದು ಕಾರಣ.

ಇಂಥ ಗಮನಿಕೆಗಳನ್ನೆಲ್ಲ ಸೇರಿಸಿ ಡಿಸ್ನಿ ಸ್ಟುಡಿಯೋದ ಇಬ್ಬರು ಹಿರಿಯ ಅನಿಮೇಟರ್‌ಗಳು, ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್, 1981ರಲ್ಲಿ 12 ಸೂತ್ರಗಳಾಗಿ ಬರೆದಿಟ್ಟರು. ಇವತ್ತಿಗೂ ಪಾಠ ಅವುಗಳಿಂದಲೇ ಶುರುವಾಗುತ್ತದೆ. ಅದರಲ್ಲಿ ಎರಡನ್ನು ಕೊಡಗಿನವರಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಹಾಕಿಯಲ್ಲಿ ಚೆಂಡು ಹೊಡೆಯುವ ಮೊದಲು ಸ್ಟಿಕ್ ಹಿಂದಕ್ಕೆ ಹೋಗುತ್ತದೆ. ಭುಜ ತಿರುಗುತ್ತದೆ, ತೂಕ ಹಿಂದಿನ ಕಾಲಿಗೆ ಬರುತ್ತದೆ. ಇದು ಪೂರ್ವಸಿದ್ಧತೆಯ ಚಲನೆ. ಹೊಡೆದ ಮೇಲೂ ಸ್ಟಿಕ್ ನಿಲ್ಲದೆ ಮುಂದಕ್ಕೆ ಸಾಗುತ್ತದೆ. ಇದು ಮುಂದುವರಿಯುವ ಚಲನೆ. ಇವೆರಡನ್ನೂ ತೆಗೆದು ಹೊಡೆತವನ್ನು ಮಾತ್ರ ಉಳಿಸಿದರೆ ಗೊಂಬೆ ಮರದ ತುಂಡಿನ ಹಾಗೆ ಕಾಣುತ್ತದೆ. 1997ರಿಂದ ನಡೆಯುತ್ತಿರುವ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ನೋಡುತ್ತಾ ಬೆಳೆದ ಮಗುವಿಗೆ ಈ ಸೂತ್ರದ ಹೆಸರು ಗೊತ್ತಿರುವುದಿಲ್ಲ. ಸೂತ್ರ ಗೊತ್ತಿರುತ್ತದೆ.

ಗೋಣಿಚೀಲ ಎತ್ತುವುದು

ನನ್ನ ಕ್ಲಾಸಿನಲ್ಲಿ ಸೋಮವಾರಪೇಟೆ ಕಡೆಯ ಹುಡುಗನೊಬ್ಬನಿದ್ದ. ಭಾರ ಎತ್ತುವ ಅಸೈನ್‌ಮೆಂಟಿಗೆ ಅವನು ಕಾಫಿ ಹಣ್ಣಿನ ಚೀಲ ಹೊರುವ ಮನುಷ್ಯನನ್ನು ಆರಿಸಿಕೊಂಡ. ಗೊಂಬೆ ಚೆನ್ನಾಗಿತ್ತು, ಲುಂಗಿ ಕಟ್ಟಿದ್ದೂ ಚೆನ್ನಾಗಿತ್ತು. ಆದರೆ ಚೀಲ ಹತ್ತಿ ತುಂಬಿದ ದಿಂಬಿನ ಹಾಗೆ ಮೇಲೆದ್ದು ಬಂತು. ಮೂರು ಸಲ ತಿದ್ದಿದ. ಮೂರು ಸಲವೂ ದಿಂಬೇ.

ಡಿಸೆಂಬರಿನಲ್ಲಿ ಕೊಯ್ಲಿಗೆ ಊರಿಗೆ ಹೋಗಿ ಬಂದ. ಸಂಜೆ ಹಣ್ಣು ತೂಕ ಹಾಕುವ ಹೊತ್ತಿನಲ್ಲಿ, ಚೀಲ ಹೊರುವವರನ್ನು ಕೇಳಿ ಅವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಬಂದಿದ್ದ. ಇಬ್ಬರೂ ಕೂತು ಅದನ್ನು ಫ್ರೇಮ್ ಫ್ರೇಮಾಗಿ ನೋಡಿದೆವು. ಮೊದಲು ಕಾಲುಗಳು ಅಗಲವಾಗುತ್ತವೆ. ಸೊಂಟ ಕೆಳಗಿಳಿಯುತ್ತದೆ. ಕೈ ಚೀಲದ ಕಿವಿ ಹಿಡಿದು ಬಿಗಿಯುತ್ತದೆ. ಕತ್ತಿನ ನರ ಉಬ್ಬುತ್ತದೆ. ಚೀಲ ಇನ್ನೂ ಅಲ್ಲೇ ಇದೆ. ಹತ್ತು ಹನ್ನೆರಡು ಫ್ರೇಮ್‌ಗಳಷ್ಟು ಹೊತ್ತು ಮನುಷ್ಯ ಪೂರ್ತಿ ಶಕ್ತಿ ಹಾಕುತ್ತಿದ್ದಾನೆ, ಚೀಲ ಕದಲಿಲ್ಲ. ಆಮೇಲೆ ಮೊದಲು ಏಳುವುದು ಸೊಂಟ, ಕೊನೆಗೆ ಏಳುವುದು ಚೀಲದ ತಳ. ಹೆಗಲಿಗೆ ಬಿದ್ದ ಕ್ಷಣ ಮೊಣಕಾಲು ಒಂದು ಸಲ ಕುಸಿದು ಮತ್ತೆ ನೇರವಾಗುತ್ತದೆ. ತಲೆ ಆ ಕಡೆಗೆ ವಾಲಿ ದಾರಿ ಬಿಡುತ್ತದೆ.

ಹುಡುಗ ಅದೇ ರಾತ್ರಿ ತಿದ್ದಿದ. ಚೀಲದ ಮೇಲೆ ಅವನು ಏನನ್ನೂ ಮಾಡಲಿಲ್ಲ. ಕದಲದ ಆ ಹನ್ನೆರಡು ಫ್ರೇಮ್‌ಗಳನ್ನು ಸೇರಿಸಿದ, ಅಷ್ಟೇ. ಚೀಲಕ್ಕೆ ಐವತ್ತು ಕಿಲೋ ಭಾರ ಬಂತು. ಚಿಕ್ಕಂದಿನಿಂದ ನೋಡಿದ ಕೆಲಸವನ್ನು ಈಗಲೇ ನೋಡಿದ್ದು ಅಂತ ಅವನು ಹೇಳಿದ.

ಇದು ವಿಶ್ವವಿದ್ಯಾಲಯಕ್ಕೆ ಬಂದದ್ದು ಹೇಗೆ?

ಕಂಪ್ಯೂಟರ್ ಅನಿಮೇಷನ್ ಮೊದಲಿನಿಂದಲೂ ವಿಶ್ವವಿದ್ಯಾಲಯದ ವಿಷಯವೇ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ 1960ರ ದಶಕದ ಕೊನೆಗೆ ಡೇವಿಡ್ ಇವಾನ್ಸ್ ಮತ್ತು ಐವನ್ ಸದರ್‌ಲ್ಯಾಂಡ್ ಎಂಬ ಇಬ್ಬರು ಪ್ರಾಧ್ಯಾಪಕರು ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಸಂಶೋಧನೆ ನಡೆಸುತ್ತಿದ್ದರು. ಅಲ್ಲಿ ಓದಲು ಬಂದವರಲ್ಲಿ ಎಡ್ ಕ್ಯಾಟ್ಮಲ್ ಒಬ್ಬರು. ಅವರಿಗೆ ಚಿಕ್ಕಂದಿನಿಂದ ಅನಿಮೇಟರ್ ಆಗುವ ಆಸೆ. ಅಷ್ಟು ಚೆನ್ನಾಗಿ ಚಿತ್ರ ಬರೆಯಲು ಬರುವುದಿಲ್ಲ ಅನ್ನಿಸಿ ಫಿಸಿಕ್ಸ್ ಮತ್ತು ಕಂಪ್ಯೂಟರ್ ಕಡೆಗೆ ತಿರುಗಿದ್ದರು. 1972ರಲ್ಲಿ ತಮ್ಮ ಎಡಗೈಯನ್ನೇ ಅಳೆದು ಕಂಪ್ಯೂಟರಿನೊಳಗೆ ಆಡಿಸಿ ತೋರಿಸಿದರು. 1974ರಲ್ಲಿ ಪಿಎಚ್‌ಡಿ ಮುಗಿಸಿದರು. ಮುಂದೆ ಪಿಕ್ಸಾರ್ ಎಂಬ ಅನಿಮೇಷನ್ ಸ್ಟುಡಿಯೋ ಕಟ್ಟಿದವರಲ್ಲಿ ಒಬ್ಬರಾದರು. 1995ರಲ್ಲಿ ಪಿಕ್ಸಾರ್‌ನಿಂದ ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿದ ಮೊದಲ ಪೂರ್ಣಾವಧಿ ಸಿನಿಮಾ ಬಂತು. ಅದೇ ಯೂಟಾದಲ್ಲಿ 1975ರಲ್ಲಿ ಮಾರ್ಟಿನ್ ನ್ಯೂವೆಲ್ ತಮ್ಮ ಮನೆಯ ಟೀ ಪಾತ್ರೆಯ ಆಕಾರವನ್ನು ಕಂಪ್ಯೂಟರಿಗೆ ಹಾಕಿದರು. ಹೊಟ್ಟೆ ದುಂಡಗೆ, ಹಿಡಿಯಲ್ಲಿ ಕಂಡಿ, ಮೂತಿಯ ನೆರಳು ತನ್ನ ಮೈಮೇಲೇ ಬೀಳುತ್ತದೆ. ಬೆಳಕು ನೆರಳಿನ ಲೆಕ್ಕ ಸರಿಯಿದೆಯೇ ಅಂತ ನೋಡಲು ಅದಕ್ಕಿಂತ ಒಳ್ಳೆಯ ಸಾಮಾನು ಇಲ್ಲ. ಇವತ್ತಿಗೂ ಆ ಪಾತ್ರೆಯನ್ನು ಪಾಠದಲ್ಲಿ ಬಳಸುತ್ತೇವೆ.

ನಮ್ಮ ದೇಶದಲ್ಲಿಯೂ ಈ ಕಲೆ ಬೇರೂರಲು ಒಬ್ಬ ಮೇಷ್ಟ್ರು ಬೇಕಾಯಿತು. ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬೈಗೆ ಬಂದು ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್‌ನ ಕಾರ್ಟೂನ್ ವಿಭಾಗದವರಿಗೆ ತರಬೇತಿ ಕೊಟ್ಟರು. ಆಗ ಕಲಿತವರಲ್ಲಿ ಒಬ್ಬರು ರಾಮ್ ಮೋಹನ್. ಅವರನ್ನು ಭಾರತದ ಅನಿಮೇಷನ್‌ನ ಪಿತಾಮಹ ಅನ್ನುತ್ತಾರೆ. ಅವರಿಗೆ 2014ರಲ್ಲಿ ಪದ್ಮಶ್ರೀ ಬಂತು. ಈಗ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ), ಐಐಟಿ ಬಾಂಬೆಯ ವಿನ್ಯಾಸ ಶಾಲೆ ಐಡಿಸಿ, ಕೋಲ್ಕತ್ತದ ಸತ್ಯಜಿತ್ ರೇ ಸಿನಿಮಾ ಸಂಸ್ಥೆಗಳಲ್ಲಿ ಇದನ್ನು ಓದಬಹುದು. ಬೆಂಗಳೂರಿನ ಅನೇಕ ಕಾಲೇಜುಗಳಲ್ಲಿಯೂ ಡಿಗ್ರಿ ಇದೆ.

ಕೆಲಸದ ದಿನ ಹೇಗಿರುತ್ತದೆ?

ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ ಲೆಕ್ಕದಲ್ಲಿ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕು, ಒಟ್ಟು 40 ಗಂಟೆ ಕೆಲಸ. ಕೇಳುವವರಿಗೆ 16 ಗಂಟೆ ಕಡಿಮೆ ಅನ್ನಿಸಬಹುದು. ಆದರೆ ಈ ವಿಷಯದಲ್ಲಿ ಪಾಠಕ್ಕಿಂತ ಪಕ್ಕದಲ್ಲಿ ಕೂತು ನೋಡುವುದೇ ಜಾಸ್ತಿ. ಮೂವತ್ತು ಮಕ್ಕಳಿದ್ದರೆ ಮೂವತ್ತು ಬೇರೆ ಬೇರೆ ತೊಂದರೆ. ಒಬ್ಬನ ಗೊಂಬೆಯ ಪಾದ ನೆಲದ ಮೇಲೆ ಜಾರುತ್ತಿರುತ್ತದೆ. ಒಬ್ಬಳ ಬಟ್ಟೆ ಮೈಯೊಳಗೆ ಹೋಗಿರುತ್ತದೆ. ಕೊಡವ ಸೀರೆಯ ನೆರಿಗೆ ಬೆನ್ನಿನ ಕಡೆ ಬರುತ್ತದಲ್ಲ, ಅದನ್ನು ಕಂಪ್ಯೂಟರಿನಲ್ಲಿ ಉಡಿಸಿ ಕೂರಿಸಲು ಒಬ್ಬ ವಿದ್ಯಾರ್ಥಿನಿ ಒಂದು ಸೆಮಿಸ್ಟರ್ ಪೂರ್ತಿ ಕಷ್ಟಪಟ್ಟಳು. ಕಂಪ್ಯೂಟರಿನಲ್ಲಿ ಬಟ್ಟೆ ಅಂದರೆ ಸಾವಿರಾರು ಚುಕ್ಕೆಗಳ ಬಲೆ. ಪ್ರತಿ ಚುಕ್ಕೆಯೂ ಪಕ್ಕದ್ದನ್ನು ಎಳೆಯುತ್ತದೆ, ಮೈಗೆ ತಾಗಿದರೆ ಹಿಂದೆ ಸರಿಯಬೇಕು. ನೆರಿಗೆ ಅಂದರೆ ಬಟ್ಟೆಯ ಮೇಲೆ ಬಟ್ಟೆ. ಯಾವ ಪದರ ಯಾವುದಕ್ಕೆ ತಾಗಿದೆ ಅನ್ನುವ ಲೆಕ್ಕವೇ ತಲೆನೋವು. ಕೊನೆಗೆ ಅವಳ ಅಜ್ಜಿ ಕ್ಯಾಮೆರಾ ಮುಂದೆ ನಿಧಾನವಾಗಿ ಉಟ್ಟು ತೋರಿಸಿದ ಮೇಲೆ, ಅದೇ ಕ್ರಮದಲ್ಲಿ ಮಡಿಕೆ ಹಾಕಿದಾಗ ಬಂತು.

ಮಾರ್ಕ್ಸ್ ಕೊಡುವ ರೀತಿಯೂ ಬೇರೆ. ಇಲ್ಲಿ ಸರಿ ಉತ್ತರ ಅಂತ ಒಂದಿಲ್ಲ. ಸೆಮಿಸ್ಟರ್ ಕೊನೆಗೆ ಜ್ಯೂರಿ ನಡೆಯುತ್ತದೆ. ಹೊರಗಿನ ಸ್ಟುಡಿಯೋದವರನ್ನೂ ಕರೆಯುತ್ತೇವೆ. ವಿದ್ಯಾರ್ಥಿ ಕೆಲಸ ತೋರಿಸಿ, ಯಾಕೆ ಹಾಗೆ ಮಾಡಿದೆ ಅಂತ ಹೇಳಬೇಕು. ಕೊನೆಯ ವರ್ಷ ಒಂದು ಕಿರುಚಿತ್ರ ಮಾಡಬೇಕು. ಕೆಲಸ ಕೇಳಲು ಹೋಗುವಾಗ ಬೇಕಾಗುವುದು ಶೋರೀಲ್, ಅಂದರೆ ಒಂದೆರಡು ನಿಮಿಷದ ವಿಡಿಯೋದಲ್ಲಿ ತನ್ನ ಅತ್ಯುತ್ತಮ ಕೆಲಸ. ಅದರಲ್ಲಿ ಯಾವುದನ್ನು ಇಡಬೇಕು ಅನ್ನುವುದಕ್ಕಿಂತ ಯಾವುದನ್ನು ತೆಗೆಯಬೇಕು ಅನ್ನುವುದನ್ನೇ ಹೆಚ್ಚು ಹೇಳಿಕೊಡಬೇಕಾಗುತ್ತದೆ.

ಜ್ಯೂರಿಯ ಹಿಂದಿನ ರಾತ್ರಿ ಅಂದರೆ ರೆಂಡರ್ ರಾತ್ರಿ. ಒಂದು ಲೆಕ್ಕ ನೋಡಿ. ಒಂದೂವರೆ ಗಂಟೆಯ ಸಿನಿಮಾದಲ್ಲಿ 1,29,600 ಫ್ರೇಮ್ ಇರುತ್ತವೆ. ಒಂದು ಫ್ರೇಮಿಗೆ ಒಂದು ಗಂಟೆ ಹಿಡಿದರೆ, ಒಂದೇ ಕಂಪ್ಯೂಟರಿನಲ್ಲಿ 5,400 ದಿನ ಬೇಕು. ಹತ್ತಿರ ಹತ್ತಿರ 15 ವರ್ಷ. ಅದಕ್ಕೇ ದೊಡ್ಡ ಸ್ಟುಡಿಯೋಗಳು ನೂರಾರು, ಸಾವಿರಾರು ಕಂಪ್ಯೂಟರ್‌ಗಳಿಗೆ ಕೆಲಸ ಹಂಚುತ್ತವೆ. ವಿದ್ಯಾರ್ಥಿಯ ಹತ್ತಿರ ಇರುವುದು ಒಂದೇ. ಒಬ್ಬ ಹುಡುಗಿ ಮಳೆಗಾಲದಲ್ಲಿ ಮನೆಯಿಂದಲೇ ರೆಂಡರ್ ಹಾಕಿದ್ದಳು. ಎರಡು ದಿನ ಓಡಿತ್ತು. ಇನ್ನೇನು ಮುಗಿಯಬೇಕು, ಮರ ಬಿದ್ದು ಕರೆಂಟ್ ಹೋಯಿತು. ಅವಳು ಇಡೀ ಚಿತ್ರವನ್ನು ಒಂದೇ ವಿಡಿಯೋ ಫೈಲ್ ಆಗಿ ಹಾಕಿದ್ದರಿಂದ ಫೈಲ್ ತೆರೆಯಲೇ ಇಲ್ಲ. ಇಂಥದ್ದು ಆಗುತ್ತದೆ ಅಂತ ನಾನು ಮೊದಲೇ ಹೇಳಿರಲಿಲ್ಲ, ತಪ್ಪು ನನ್ನದು. ಆವತ್ತಿನಿಂದ ಮೊದಲ ವಾರವೇ ಹೇಳುತ್ತೇನೆ: ವಿಡಿಯೋ ಆಗಿ ರೆಂಡರ್ ಹಾಕಬೇಡಿ, ಒಂದೊಂದು ಫ್ರೇಮನ್ನೂ ಬೇರೆ ಬೇರೆ ಚಿತ್ರವಾಗಿ ಉಳಿಸಿ. ಆಗ ಕರೆಂಟ್ ಹೋದರೂ ನಿಂತ ಫ್ರೇಮಿನಿಂದ ಮತ್ತೆ ಶುರು ಮಾಡಬಹುದು.

ಈ ಕೆಲಸಕ್ಕೆ ಹೋಗುವ ದಾರಿ

ಮುಖ್ಯವಾಗಿ ಮೂರು ದಾರಿಗಳಿವೆ. ಓದಿನ ದಾರಿಯಲ್ಲಿ ಬಿಎಫ್‌ಎ, ಬಿವಿಎ (ಇವೆರಡೂ ಕಲೆಯ ಡಿಗ್ರಿಗಳು), ಬಿ.ಡಿಸ್ (ವಿನ್ಯಾಸದ ಡಿಗ್ರಿ) ಅಥವಾ ಅನಿಮೇಷನ್‌ನಲ್ಲಿ ಬಿಎಸ್ಸಿ ಮಾಡಿ, ಆಮೇಲೆ ಸ್ನಾತಕೋತ್ತರ ಪದವಿ ಪಡೆಯಬೇಕು. ಅದರಲ್ಲಿ ಕನಿಷ್ಠ ಶೇ 55 ಅಂಕ ಬೇಕು, ಮೀಸಲು ವರ್ಗಗಳಿಗೆ ಶೇ 50. ಬಳಿಕ ಕಾಲೇಜಿನಲ್ಲಿ ಕಲಿಸಲು ಬೇಕಾದ ಅರ್ಹತಾ ಪರೀಕ್ಷೆ, ಅಂದರೆ ರಾಷ್ಟ್ರಮಟ್ಟದ ಎನ್‌ಇಟಿ ಅಥವಾ ನಮ್ಮ ರಾಜ್ಯದ ಕೆ-ಸೆಟ್ ಪಾಸಾಗಬೇಕು. ಎನ್‌ಇಟಿಯಲ್ಲಿ ಅನಿಮೇಷನ್ ಅಂತ ಪ್ರತ್ಯೇಕ ವಿಷಯ ಇಲ್ಲ. ಸ್ನಾತಕೋತ್ತರದಲ್ಲಿ ಏನು ಓದಿದ್ದೀರೋ ಅದರ ಮೇಲೆ ದೃಶ್ಯಕಲೆ, ಸಮೂಹ ಸಂವಹನ ಅಥವಾ ಕಂಪ್ಯೂಟರ್ ಸೈನ್ಸ್‌ನಲ್ಲಿ ಬರೆಯಬೇಕಾಗುತ್ತದೆ. ಸಹಾಯಕ ಪ್ರಾಧ್ಯಾಪಕರಾಗಿ ಸೇರಲು ಪಿಎಚ್‌ಡಿ ಕಡ್ಡಾಯವಲ್ಲ ಅಂತ 2023ರಲ್ಲಿ ಯುಜಿಸಿ ಹೇಳಿದೆ. ಮೇಲಿನ ಹುದ್ದೆಗೆ ಏರಲು ಪಿಎಚ್‌ಡಿ ಬೇಕೇ ಬೇಕು.

ಎರಡನೆಯದು ಸ್ಟುಡಿಯೋದಿಂದ ಬರುವ ದಾರಿ. ಹತ್ತಾರು ವರ್ಷ ಸಿನಿಮಾ ಕೆಲಸ ಮಾಡಿದವರು ಕಲಿಸಲು ಬರುತ್ತಾರೆ. ಇವರಿಗಾಗಿ 2022ರಲ್ಲಿ ಯುಜಿಸಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂಬ ಹುದ್ದೆಗೆ ನಿಯಮ ಮಾಡಿತು. ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ದುಡಿದು ಹೆಸರು ಮಾಡಿದವರು ಎನ್‌ಇಟಿ, ಪಿಎಚ್‌ಡಿ ಇಲ್ಲದೆಯೂ ಬರಬಹುದು. ಆದರೆ ಇದು ಕಾಯಂ ಹುದ್ದೆಯಲ್ಲ. ಹೆಚ್ಚೆಂದರೆ 3 ವರ್ಷ, ವಿಶೇಷ ಸಂದರ್ಭದಲ್ಲಿ ಇನ್ನೊಂದು ವರ್ಷ.

ಮೂರನೆಯದನ್ನು ನಮ್ಮ ಕಡೆ ಯಾರೂ ಯೋಚಿಸುವುದಿಲ್ಲ. ಕಂಪ್ಯೂಟರ್ ಸೈನ್ಸ್ ಓದಿ, ಗ್ರಾಫಿಕ್ಸ್‌ನಲ್ಲಿ ಸಂಶೋಧನೆ ಮಾಡಿ ಪ್ರಾಧ್ಯಾಪಕರಾಗುವುದು. ನೀರು ಹೇಗೆ ಹರಿಯುತ್ತದೆ, ಹೊಗೆ ಹೇಗೆ ಸುತ್ತುತ್ತದೆ, ಕೂದಲ ಮೇಲೆ ಬೆಳಕು ಹೇಗೆ ಹೊಳೆಯುತ್ತದೆ ಅನ್ನುವ ಗಣಿತ ಇವರ ಕೆಲಸ. ಅಬ್ಬಿ ಜಲಪಾತವನ್ನು ಕಂಪ್ಯೂಟರಿನಲ್ಲಿ ಹರಿಸಬೇಕು ಅಂದರೆ ಅದನ್ನು ಬರೀ ಚಿತ್ರವಾಗಿ ಬಿಡಿಸಿದರೆ ಸಾಲದು, ದ್ರವದ ಸಮೀಕರಣಗಳನ್ನು ಬಿಡಿಸಬೇಕು. ಲೆಕ್ಕದಲ್ಲಿ ಆಸಕ್ತಿ ಇರುವ ಮಕ್ಕಳಿಗೆ ಇದು ಬಹಳ ಒಳ್ಳೆಯ ದಾರಿ ಅಂತ ನನ್ನ ಅಭಿಪ್ರಾಯ.

ಪೋಷಕರು ಒಂದು ವಿಷಯ ಗಮನಿಸಲೇಬೇಕು. ಒಂದು ವರ್ಷದ ಖಾಸಗಿ ಡಿಪ್ಲೊಮಾದಿಂದ ಸ್ಟುಡಿಯೋ ಕೆಲಸ ಸಿಗಬಹುದು. ಆದರೆ ಮುಂದೆ ಕಾಯಂ ಪ್ರಾಧ್ಯಾಪಕರಾಗಬೇಕು ಅಂದರೆ ಮಾನ್ಯತೆ ಇರುವ ವಿಶ್ವವಿದ್ಯಾಲಯದ ಡಿಗ್ರಿಯೇ ಬೇಕು. ಫೀಸ್ ಕಟ್ಟುವ ಮೊದಲು ಸರ್ಟಿಫಿಕೇಟ್ ಕೊಡುವವರು ಯಾರು ಅಂತ ಕೇಳಿ, ಬರೆದು ಕೊಡಿ ಅನ್ನಿ.

ಸಂಬಳ, ಮತ್ತು ಭಯಗಳು

ಯುಜಿಸಿ ವೇತನದಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ ತಿಂಗಳಿಗೆ 57,700 ರೂಪಾಯಿ. ಅದರ ಮೇಲೆ ಭತ್ಯೆಗಳು. ಖಾಸಗಿ ಕಾಲೇಜುಗಳಲ್ಲಿ ಇದಕ್ಕಿಂತ ಕಡಿಮೆಯೂ ಇದೆ, ಜಾಸ್ತಿಯೂ ಇದೆ. ಅತಿಥಿ ಉಪನ್ಯಾಸಕರಿಗೆ ಬಹಳ ಕಡಿಮೆ, ಮತ್ತು ಅನೇಕರು ಅಲ್ಲೇ ವರ್ಷಗಟ್ಟಲೆ ಉಳಿಯುತ್ತಾರೆ. ಇದನ್ನು ಮುಚ್ಚಿಡುವುದು ಸರಿಯಲ್ಲ.

ಸ್ಟುಡಿಯೋ ಕೆಲಸದಲ್ಲಿ ಏಳುಬೀಳು ಜಾಸ್ತಿ. 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಎಂಬ ದೊಡ್ಡ ವಿಎಫ್‌ಎಕ್ಸ್ ಕಂಪನಿಗಳ ಸಮೂಹ ಕುಸಿದಾಗ ಬೆಂಗಳೂರಿನಲ್ಲಿದ್ದ ಅದರ ಕಲಾವಿದರೂ ಕೆಲಸ ಕಳೆದುಕೊಂಡರು. ಎಐ ಬಂದ ಮೇಲೆ ರೋಟೋ, ನಟರನ್ನು ಎತ್ತಿ ಹಿಡಿದ ತಂತಿಯನ್ನು ಚಿತ್ರದಿಂದ ಅಳಿಸುವುದು ಮುಂತಾದ ಕೆಲಸಗಳಲ್ಲಿ ಯಂತ್ರದ ಪಾಲು ಏರುತ್ತಿದೆ. ಹೊಸಬರು ಕಲಿಯುತ್ತಿದ್ದದ್ದು ಅದೇ ಕೆಲಸಗಳಲ್ಲಿ. ಹಾಗಾಗಿ ಮೊದಲು ಸ್ಟುಡಿಯೋದಲ್ಲಿ ಒಂದೆರಡು ವರ್ಷ ಗೆರೆ ಎಳೆದು ಕಣ್ಣು ಪಳಗುತ್ತಿದ್ದದ್ದನ್ನು ಈಗ ಕ್ಲಾಸಿನಲ್ಲೇ ಪಳಗಿಸಬೇಕಾಗಿದೆ. ಯಂತ್ರ ಮಾಡಿಕೊಟ್ಟ ಶಾಟ್‌ನಲ್ಲಿ ಚೀಲಕ್ಕೆ ಭಾರ ಇಲ್ಲ ಅಂತ ಹೇಳಲು, ಭಾರ ಅಂದರೇನು ಅಂತ ಗೊತ್ತಿರಬೇಕಲ್ಲ.

ಕೊಡಗಿನಲ್ಲಿ ಕೂತು ಈಗ ಮಾಡಬಹುದಾದದ್ದು

ದುಬಾರಿ ಸಾಫ್ಟ್‌ವೇರ್ ಬೇಡ. ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್ ಪೂರ್ತಿ ಉಚಿತ. 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರಕ್ಕೆ ಆಸ್ಕರ್ ಗೆದ್ದ 'ಫ್ಲೋ' ತಯಾರಾದದ್ದು ಇದೇ ಬ್ಲೆಂಡರ್‌ನಲ್ಲಿ. ಅದನ್ನು ನಿರ್ದೇಶಿಸಿದವರು ಲಾಟ್ವಿಯಾ ಎಂಬ ಚಿಕ್ಕ ದೇಶದವರು. ಪ್ರವೇಶ ಪರೀಕ್ಷೆಗಳ ವಿಷಯಕ್ಕೆ ಬಂದರೆ, ಎನ್‌ಐಡಿಗೆ ಡ್ಯಾಟ್, ಐಐಟಿಗಳ ಬಿ.ಡಿಸ್‌ಗೆ ಯೂಸೀಡ್ ಬರೆಯಬೇಕು. ಎರಡರಲ್ಲೂ ಚಿತ್ರ ಬರೆಯುವ, ಗಮನಿಸುವ ಶಕ್ತಿಯನ್ನು ನೋಡುತ್ತಾರೆ. ಹತ್ತಿರದಲ್ಲಿ ಗಟ್ಟಿಯಾಗಿ ಚಿತ್ರಕಲೆ ಕಲಿಯಲು ಮೈಸೂರಿನಲ್ಲಿ ಕಾವಾ ಎಂಬ ದೃಶ್ಯಕಲಾ ಕಾಲೇಜು ಇದೆ. ದಿನಕ್ಕೆ ಒಂದು ಪುಟ, ಕಣ್ಣೆದುರಿಗೆ ಇರುವುದನ್ನು ನೋಡಿ ಬರೆದರೆ ಸಾಕು. ಕೋಳಿ, ಅಜ್ಜ, ಬಸ್ ಸ್ಟ್ಯಾಂಡಿನಲ್ಲಿ ಕಾಯುವವರು.

ಆ ಹುಡುಗಿಗೆ ನಾನು ಕಿತ್ತಳೆಯ ಲೆಕ್ಕ ಹೇಳಿ ಕಳಿಸಿದ್ದೆ. ಎರಡು ದಿನ ಬಿಟ್ಟು ವಾಟ್ಸಾಪ್‌ನಲ್ಲಿ ವಿಡಿಯೋ ಬಂತು. ಅಂಗಳದಲ್ಲಿ ಎದೆ ಮಟ್ಟದಿಂದ ಹಣ್ಣು ಬಿಡುತ್ತಿರುವ ಕೈ ಅಪ್ಪನದು. ಕೆಳಗೆ ಬರೆದಿದ್ದಳು: "ಅಂಕಲ್, ನಾಲ್ಕು ಸಲ ಎಣಿಸಿದೆ. ಹನ್ನೆರಡು ಬರ್ತಿಲ್ಲ, ಹದಿನೈದು ಬರ್ತಿದೆ. ಎಲ್ಲಿ ತಪ್ಪಾಯ್ತು?"

ನಾನು ಉತ್ತರ ಟೈಪ್ ಮಾಡುತ್ತಿದ್ದ ಹಾಗೇ ಇನ್ನೊಂದು ಮೆಸೇಜ್ ಬಂತು. "ಗೊತ್ತಾಯ್ತು. ಮೊಬೈಲ್ ಸೆಕೆಂಡಿಗೆ 30 ಫ್ರೇಮ್ ತೆಗೀತದೆ, 24 ಅಲ್ಲ. ಅರ್ಧ ಸೆಕೆಂಡಿಗೆ 15 ಸರಿ. ಅಪ್ಪ ಹೇಳಿದ್ದು."